ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ

2020ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಒಂದು ಕೋಷ್ಟಕ ನಮ್ಮ ಟಿ.ವಿ. ಚಾನೆಲ್‌ಗಳಿಗೆ ಕೆಲವು ದಿನ ಮೇವಾಯಿತು. ಆ ವರ್ಷ ಬಾಂಗ್ಲಾದೇಶದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877 ಡಾಲರ್ ಆಗಲಿದೆ ಎಂಬ ಅಂದಾಜು ಅದರಲ್ಲಿತ್ತು. ವ್ಯತ್ಯಾಸ ಬರೀ ಹನ್ನೊಂದು ಡಾಲರ್. ಕೊರೊನಾ ವರ್ಷದ ಲೆಕ್ಕ ಹಿಡಿದು ಮಾತಾಡಬೇಡಿ ಎಂದು ಒಂದು ಕಡೆಯವರು, ಬಾಂಗ್ಲಾದವರ ಮುಂದೆಯೂ ನಮ್ಮ ಮರ್ಯಾದೆ ಹೋಯಿತಲ್ಲ ಎಂದು ಇನ್ನೊಂದು ಕಡೆಯವರು. ಎರಡೂ ಮಾತಿನ ಒಳಗೆ ಒಂದೇ ತಾತ್ಸಾರವಿತ್ತು: ಅದು ನಾವು ಹೋಲಿಸಿಕೊಳ್ಳಬೇಕಾದ ದೇಶವೇ ಅಲ್ಲ ಎಂಬುದು.

ಜಗಳ ನಡೆದದ್ದು ತಪ್ಪು ಅಂಕಿಯ ಮೇಲೆ. ಬಾಂಗ್ಲಾದೇಶ ನಮ್ಮನ್ನು ನಿಜವಾಗಿ ಹಿಂದೆ ಹಾಕಿದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ಅಲ್ಲಿನವರ ಕೈಯಲ್ಲಿ ನಮಗಿಂತ ಬಹಳ ಕಡಿಮೆ ದುಡ್ಡಿದ್ದ ಕಾಲದಲ್ಲಿ. ಆಗ ಯಾವ ಚಾನೆಲ್ಲೂ ಕೂಗಲಿಲ್ಲ. ಮಕ್ಕಳು ಸಾಯದೆ ಉಳಿದದ್ದು ಸುದ್ದಿಯಾಗುವುದು ಕಷ್ಟ.

ಆ ದೇಶ ಹೊರಟ ಜಾಗವನ್ನು ಮೊದಲು ನೆನಪಿಸಿಕೊಳ್ಳೋಣ. 1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತ ಬಂಗಾಳದ ಕರಾವಳಿಗೆ ಅಪ್ಪಳಿಸಿ ಕನಿಷ್ಠ ಮೂರು ಲಕ್ಷ ಜನರನ್ನು ಕೊಂದಿತು. ಮರುವರ್ಷ ವಿಮೋಚನಾ ಯುದ್ಧ, ಕೋಟಿಯಷ್ಟು ನಿರಾಶ್ರಿತರು. 1974ರಲ್ಲಿ ಬರಗಾಲ. ಹೊಸ ದೇಶ ಭಿಕ್ಷಾಪಾತ್ರೆ ಹಿಡಿದೇ ಬದುಕಬೇಕಾದೀತು ಎಂದು ವಾಷಿಂಗ್ಟನ್ನಿನಲ್ಲಿ ಕೂತವರು ಷರಾ ಬರೆದಾಗಿತ್ತು. ಭೂಪಟ ನೋಡಿದರೆ ಆ ಷರಾ ತಪ್ಪು ಅನ್ನಿಸುತ್ತಲೂ ಇರಲಿಲ್ಲ. ಬಾಂಗ್ಲಾದೇಶದ ವಿಸ್ತೀರ್ಣ ಸುಮಾರು 1.48 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ್ದು 1.92 ಲಕ್ಷ. ನಮ್ಮ ರಾಜ್ಯಕ್ಕಿಂತ ಚಿಕ್ಕದಾದ, ಪ್ರತಿ ಮಳೆಗಾಲದಲ್ಲೂ ಅರೆಬರೆ ಮುಳುಗುವ ಆ ನೆಲದಲ್ಲಿ ಇವತ್ತು ಸುಮಾರು 17 ಕೋಟಿ ಜನ ಇದ್ದಾರೆ.

ಅಮರ್ತ್ಯ ಸೇನ್ ಮತ್ತು ಜಾನ್ ಡ್ರೇಜ್ 2013ರಲ್ಲಿ ಪ್ರಕಟಿಸಿದ ‘ಆ್ಯನ್ ಅನ್‌ಸರ್ಟನ್ ಗ್ಲೋರಿ’ ಪುಸ್ತಕದಲ್ಲಿ ಎರಡೂ ದೇಶಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟರು. 1990ರಲ್ಲಿ ಭಾರತದ ತಲಾ ಆದಾಯ ಬಾಂಗ್ಲಾದೇಶಕ್ಕಿಂತ ಶೇ 60ರಷ್ಟು ಹೆಚ್ಚಿತ್ತು. 2011ರ ಹೊತ್ತಿಗೆ ಅದು ಹೆಚ್ಚೂಕಡಿಮೆ ಎರಡು ಪಟ್ಟಾಯಿತು. ಅಂದರೆ ದುಡ್ಡಿನ ಓಟದಲ್ಲಿ ನಾವು ಅವರನ್ನು ಇನ್ನಷ್ಟು ದೂರ ಬಿಟ್ಟು ಓಡಿದ ಕಾಲ ಅದು. ಅದೇ ಇಪ್ಪತ್ತೊಂದು ವರ್ಷಗಳಲ್ಲಿ ಐದು ವರ್ಷ ತುಂಬುವ ಮುಂಚೆ ಸಾಯುವ ಮಕ್ಕಳ ಸಂಖ್ಯೆ ಬಾಂಗ್ಲಾದಲ್ಲಿ ಸಾವಿರಕ್ಕೆ 139ರಿಂದ 46ಕ್ಕೆ ಇಳಿಯಿತು, ನಮ್ಮಲ್ಲಿ 114ರಿಂದ 61ಕ್ಕೆ. ಸರಾಸರಿ ಆಯುಷ್ಯದಲ್ಲಿ ಎರಡೂ ದೇಶಗಳು ಒಂದೇ ಕಡೆಯಿಂದ ಹೊರಟು, 2011ರಲ್ಲಿ ಅವರು 69ಕ್ಕೆ, ನಾವು 65ಕ್ಕೆ ಮುಟ್ಟಿದ್ದೆವು. ದುಪ್ಪಟ್ಟು ದುಡಿದವನ ಮನೆಯಲ್ಲಿ ಮಕ್ಕಳು ಹೆಚ್ಚು ಸತ್ತದ್ದೇಕೆ? ಉತ್ತರ ಹುಡುಕಲು ವಿತ್ತ ಸಚಿವಾಲಯದ ಕಡತಗಳಿಗಿಂತ ಹಳ್ಳಿಯ ಅಡುಗೆಮನೆಗೆ ಹೋಗುವುದು ವಾಸಿ.

ವಾಂತಿಭೇದಿ ಬಂದವನ ಕರುಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳಲಾರದು. ಆದರೆ ಸಕ್ಕರೆಯ ಅಂಶ ಜೊತೆಗಿದ್ದರೆ ಎರಡನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಡೇವಿಡ್ ನೇಲಿನ್, ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಬಾಯಿಂದ ಕುಡಿಸುವ ದ್ರಾವಣದಿಂದಲೇ ಕಾಲರಾ ರೋಗಿಗಳನ್ನು ಉಳಿಸಬಹುದೆಂದು ತೋರಿಸಿದರು. ಮೂರು ವರ್ಷದ ಬಳಿಕ ಗಡಿಯ ಈಚೆ, ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಅಭಿಧಮನಿಗೆ ಏರಿಸುವ ಡ್ರಿಪ್ ಬಾಟಲಿಗಳು ಮುಗಿದುಹೋದವು. ಕೋಲ್ಕತ್ತದ ವೈದ್ಯ ದಿಲೀಪ್ ಮಹಲಾನಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಯ ಪಕ್ಕ ಕೂತ ತಾಯಿ, ತಮ್ಮ, ಗಂಡನ ಕೈಗೇ ಲೋಟ ಕೊಟ್ಟು ಕುಡಿಸಿ ಎಂದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ನಮ್ಮ ದೇಶದ ಪದ್ಧತಿಯೇ ಹಾಗೆ ಅನ್ನಿ.

ಔಷಧ ಎರಡೂ ದೇಶಗಳದ್ದು. ಅದನ್ನು ಮನೆಮನೆಗೆ ಹೊತ್ತದ್ದು ಒಂದು ದೇಶ.

ಶೆಲ್ ತೈಲ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಫಜಲೆ ಹಸನ್ ಅಬೇದ್ ಲಂಡನ್ನಿನಲ್ಲಿದ್ದ ತಮ್ಮ ಫ್ಲ್ಯಾಟ್ ಮಾರಿ ಬಂದ ದುಡ್ಡಿನಲ್ಲಿ 1972ರಲ್ಲಿ ‘ಬ್ರಾಕ್’ ಸಂಸ್ಥೆ ಕಟ್ಟಿದ್ದರು. 1980ರಿಂದ ಹತ್ತು ವರ್ಷ ಈ ಸಂಸ್ಥೆಯ ಕಾರ್ಯಕರ್ತೆಯರು ಹಳ್ಳಿಹಳ್ಳಿ ಸುತ್ತಿ ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ದ್ರಾವಣ ಮಾಡುವುದನ್ನು ಕಲಿಸಿದರು. ಪೊಟ್ಟಣ ಹಂಚಲಿಲ್ಲ. ಪೊಟ್ಟಣ ಖಾಲಿಯಾದ ದಿನ ಮಗು ಸಾಯುತ್ತದೆ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಅಷ್ಟೇ. ಅರ್ಧ ಸೇರು ಎಂದರೆ ಎಷ್ಟು ಎಂಬುದಕ್ಕೆ ಆ ಮನೆಯ ಪಾತ್ರೆಯಲ್ಲೇ ಗುರುತು. ತಾಯಿ ಎದುರಿಗೇ ಮಾಡಿ ತೋರಿಸಬೇಕು, ಕಾರ್ಯಕರ್ತೆ ರುಚಿ ನೋಡಬೇಕು, ಏಕೆಂದರೆ ಉಪ್ಪು ಹೆಚ್ಚಾದರೆ ಮಗುವಿಗೆ ಅದೇ ಅಪಾಯ.

ಈ ಕಾರ್ಯಕ್ರಮದ ನಿಜವಾದ ಜಾಣತನ ಸಂಬಳದ ಲೆಕ್ಕದಲ್ಲಿತ್ತು. ಎಷ್ಟು ಮನೆಗೆ ಹೋದೆ ಎಂದು ಕಾರ್ಯಕರ್ತೆಯನ್ನು ಯಾರೂ ಕೇಳುತ್ತಿರಲಿಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಬಂದು ಅದರಲ್ಲಿ ಕೆಲವು ಮನೆ ಆರಿಸಿ, ಅಮ್ಮಾ, ದ್ರಾವಣ ಮಾಡಿ ತೋರಿಸಿ ಎನ್ನುತ್ತಿದ್ದರು. ತಾಯಿಗೆ ನೆನಪಿದ್ದಷ್ಟು, ಆಕೆ ಸರಿಯಾಗಿ ಬೆರೆಸಿದಷ್ಟು ಕಾರ್ಯಕರ್ತೆಗೆ ದುಡ್ಡು. ಸಹಿ ಹಾಕಿಸಿಕೊಂಡು ಗುರಿ ಮುಟ್ಟಿದ ವರದಿ ಕಳಿಸುವ ನಮ್ಮ ಇಲಾಖೆಗಳನ್ನು ಕಂಡವರಿಗೆ ಈ ಏರ್ಪಾಡಿನ ಬೆಲೆ ಗೊತ್ತಾಗುತ್ತದೆ.

ಹಾಗಿದ್ದೂ ಮೊದಮೊದಲು ಒಂದು ವಿಚಿತ್ರ ಕಂಡಿತು. ತಾಯಂದಿರಿಗೆ ವಿಧಾನ ಬಾಯಿಪಾಠ, ಮಗುವಿಗೆ ಭೇದಿಯಾದಾಗ ಮಾತ್ರ ಮಾಡುತ್ತಿರಲಿಲ್ಲ. ಕಾರಣ ಹುಡುಕಿದಾಗ ತಿಳಿದದ್ದು: ಕಲಿಸುವ ಕಾರ್ಯಕರ್ತೆಯರಲ್ಲೇ ಹಲವರಿಗೆ ನಂಬಿಕೆ ಇರಲಿಲ್ಲ, ತಮಗೆ ಹೊಟ್ಟೆ ಕೆಟ್ಟರೆ ಅವರು ಮಾತ್ರೆ ನುಂಗುತ್ತಿದ್ದರು. ಇನ್ನೊಂದು, ಮನೆಯ ಗಂಡಸರಿಗೆ ಯಾರೂ ವಿಷಯ ಹೇಳಿರಲಿಲ್ಲ. ಸಂಸ್ಥೆ ಕಾರ್ಯಕರ್ತೆಯರನ್ನು ಢಾಕಾದ ಪ್ರಯೋಗಾಲಯಕ್ಕೆ ಕರೆದೊಯ್ದು ತೋರಿಸಿತು, ತಾಯಂದಿರ ಎದುರು ತಾವೂ ಗುಟುಕರಿಸಿ ಎಂದಿತು, ಗಂಡಸರನ್ನು ಮಸೀದಿ, ಸಂತೆ, ಶಾಲೆಗಳಲ್ಲಿ ಹುಡುಕಿ ಹೇಳಿಸಿತು. ಆಮೇಲೆ ಬಳಕೆ ಏರಿತು.

ಕುಟುಂಬ ಯೋಜನೆಯ ಕಥೆಯೂ ಇದೇ ಜಾಡಿನದು. 1970ರ ದಶಕದ ನಡುವೆ ಬಾಂಗ್ಲಾದ ಒಬ್ಬ ಹೆಂಗಸಿಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳು. 2011ಕ್ಕೆ ಅದು 2.3. ಮತ್‌ಲಬ್ ಎಂಬ ಗ್ರಾಮೀಣ ಪ್ರದೇಶದಲ್ಲಿ 1977ರಿಂದ ಒಂದು ಪ್ರಯೋಗ ನಡೆಯಿತು. ಪರ್ದಾ ಪದ್ಧತಿಯಿಂದ ಹೊಸ್ತಿಲು ದಾಟದ ಹೆಂಗಸರ ಬಳಿಗೆ ಅದೇ ಊರಿನ, ಓದು ಬಲ್ಲ ಹೆಂಗಸರೇ ಹೋಗಿ ಮಾತ್ರೆ, ಚುಚ್ಚುಮದ್ದು, ಕಾಂಡೋಮ್ ಮುಂದಿಟ್ಟು, ನಿಮಗೆ ಯಾವುದು ಒಗ್ಗುತ್ತದೆ ಎಂದು ಕೇಳಿದರು. ಅದೇ ಸುಮಾರಿಗೆ ನಾವೇನು ಮಾಡುತ್ತಿದ್ದೆವು? ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೆವು. ಉತ್ತರದ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯ ಜೀಪು ಕಂಡರೆ ಗಂಡಸರು ಹೊಲಕ್ಕೆ ಓಡುತ್ತಿದ್ದ ಕಾಲ ಅದು. ಬಾಂಗ್ಲಾ ಹಳ್ಳಿಯ ಬಾಗಿಲಿಗೆ ಎಂದೋ ಮುಟ್ಟಿದ್ದ ಗರ್ಭನಿರೋಧಕ ಚುಚ್ಚುಮದ್ದು ನಮ್ಮ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದು 2017ರಲ್ಲಿ. ಅಂತೂ ನಮ್ಮ ದೇಶದ ಸರಾಸರಿಯೂ 2019-21ರ ಹೊತ್ತಿಗೆ 2.0ಕ್ಕೆ ಇಳಿದಿತ್ತು. ಬಾಂಗ್ಲಾ ಎಂದರೆ ಹೆಚ್ಚು ಜನ ಹುಟ್ಟುವ ದೇಶ, ಧರ್ಮದ ಕಾರಣಕ್ಕೆ ಜನಸಂಖ್ಯೆ ನಿಲ್ಲದ ದೇಶ ಎಂದು ಇನ್ನೂ ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು.

ಇನ್ನು ಶೌಚಾಲಯ. 2011ರ ನಮ್ಮ ಜನಗಣತಿಯಲ್ಲಿ ದೇಶದ ಅರ್ಧದಷ್ಟು ಮನೆಯವರು ಬಯಲಿಗೆ ಹೋಗುತ್ತಿದ್ದರು. ಆಗ ಬಾಂಗ್ಲಾದಲ್ಲಿ ಆ ಪ್ರಮಾಣ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಇದರಲ್ಲಿ ಬಂಗಾಳದ ನಮ್ಮವರೇ ಒಬ್ಬರ ಪಾತ್ರವಿದೆ. ಕಮಲ್ ಕರ್ ಎಂಬವರು 1999-2000ರ ಸುಮಾರಿಗೆ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಎಂಬ ಹಳ್ಳಿಯಲ್ಲಿ ಶೌಚಾಲಯ ಯೋಜನೆಯ ಮೌಲ್ಯಮಾಪನಕ್ಕೆ ಹೋಗಿದ್ದರು. ಸಬ್ಸಿಡಿ ಕೊಟ್ಟು ಕಟ್ಟಿಸುವ ಬದಲು ಊರವರನ್ನೇ ಸೇರಿಸಿ, ಯಾರು ಎಲ್ಲಿಗೆ ಹೋಗುತ್ತೀರಿ ತೋರಿಸಿ ಎಂದು ನೆಲದ ಮೇಲೆ ನಕ್ಷೆ ಬರೆಸಿದರು. ದಿನಕ್ಕೆ ಊರಿನ ಹೇಲು ಎಷ್ಟಾಗುತ್ತದೆ, ಅದು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಲೆಕ್ಕ ಹಾಕಿಸಿದರು. ನೊಣದ ಕಾಲಿನಿಂದ ಅನ್ನದ ತಟ್ಟೆಯವರೆಗಿನ ದಾರಿಯನ್ನು ಊರವರೇ ಕಂಡುಕೊಂಡರು, ಗುಂಡಿಗಳನ್ನು ತಾವೇ ತೋಡಿದರು. ನಾಚಿಕೆಪಡಿಸಿ ಕೆಲಸ ಮಾಡಿಸುವ ಈ ವಿಧಾನಕ್ಕೆ ಟೀಕೆಯೂ ಇದೆ, ನ್ಯಾಯವಾದ ಟೀಕೆ. ಬಡವರಲ್ಲಿ ಬಡವರೇ ಹೆಚ್ಚು ಅವಮಾನ ಉಂಡರು. ಆದರೂ ಅಲ್ಲಿ ನಡೆದದ್ದು ನಮ್ಮಲ್ಲೇಕೆ ಅಷ್ಟು ತಡವಾಯಿತು ಎಂಬ ಪ್ರಶ್ನೆ ಉಳಿದೇ ಇದೆ.

ಡಯಾನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ 2017ರಲ್ಲಿ ಬರೆದ ಪುಸ್ತಕವೊಂದು ಉತ್ತರ ಭಾರತದ ಹಳ್ಳಿಗಳಲ್ಲಿ ಇದರ ಕಾರಣ ಹುಡುಕಿತು. ಬಾಂಗ್ಲಾದವರು ಕಟ್ಟಿಕೊಂಡದ್ದು ಅಗ್ಗದ ಗುಂಡಿ ಪಾಯಖಾನೆ. ಅದು ಕೆಲವು ವರ್ಷಕ್ಕೆ ತುಂಬುತ್ತದೆ, ತೆಗೆಯಬೇಕು. ನಮ್ಮ ಹಳ್ಳಿಯ ಮೇಲ್ಜಾತಿಯವನಿಗೆ ಎದುರಾಗುವ ಮೊದಲ ಪ್ರಶ್ನೆಯೇ, ತುಂಬಿದರೆ ತೆಗೆಯುವವರು ಯಾರು ಎಂಬುದು. ತೆಗೆಯುತ್ತಿದ್ದ ಜಾತಿಯವರು ಆ ಕೆಲಸ ಬೇಡ ಎನ್ನುತ್ತಿದ್ದಾರೆ, ಅದು ಸರಿಯೂ ಹೌದು. ಹಾಗಾಗಿ ಕಟ್ಟಿಸಿದರೆ ಕೋಣೆಯಷ್ಟು ದೊಡ್ಡ ಗುಂಡಿಯೇ ಬೇಕು, ಅದಕ್ಕೆ ದುಡ್ಡಿಲ್ಲದಿದ್ದರೆ ಬಯಲೇ ವಾಸಿ. ಸ್ವಚ್ಛ ಭಾರತ ಅಭಿಯಾನ ಕೋಟಿಗಟ್ಟಲೆ ಶೌಚಾಲಯ ಕಟ್ಟಿಸಿ ಚಿತ್ರ ಬದಲಿಸಿದ್ದು ನಿಜ. 2019ರಲ್ಲಿ ದೇಶ ಬಯಲು ಶೌಚ ಮುಕ್ತ ಎಂಬ ಘೋಷಣೆಯೂ ಆಯಿತು. ಆ ವರ್ಷವೇ ಶುರುವಾದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಾತ್ರ ಶೇ 19ರಷ್ಟು ಮನೆಗಳು ಇನ್ನೂ ಬಯಲಿನಲ್ಲೇ ಇದ್ದವು. ಜಾತಿ ನಮ್ಮ ಮಕ್ಕಳ ಎತ್ತರವನ್ನೂ ತಿನ್ನುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಪದೇ ಪದೇ ಹೊಟ್ಟೆ ಕೆಡುವ ಮಗು ಬೆಳೆಯುವುದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಶೇ 35.5ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಬಾಂಗ್ಲಾದಲ್ಲಿ 2022ರಲ್ಲಿ ಶೇ 24.

ಔಷಧ ನೀತಿ (1982), ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ವಿದ್ಯಾರ್ಥಿವೇತನ (1994), ಲಸಿಕೆ, ಇವನ್ನೆಲ್ಲ ವಿವರಿಸಲು ಜಾಗ ಸಾಲದು. ಒಂದು ಮಾತು ಮಾತ್ರ ಹೇಳಬೇಕು. ಇವುಗಳಲ್ಲಿ ಕೆಲವು ಬಂದದ್ದು ಸೇನಾ ಸರ್ವಾಧಿಕಾರಿಗಳ ಕಾಲದಲ್ಲಿ. ಅನಗತ್ಯ ಔಷಧಗಳನ್ನು ನಿಷೇಧಿಸಿದ ನೀತಿಯ ಹಿಂದೆ, ಯುದ್ಧಕಾಲದಲ್ಲಿ ತ್ರಿಪುರಾದಲ್ಲಿ ಗಾಯಾಳುಗಳಿಗೆ ಬಿದಿರಿನ ಆಸ್ಪತ್ರೆ ನಡೆಸಿದ ಡಾ. ಜಫ್ರುಲ್ಲಾ ಚೌಧರಿ ಇದ್ದರು. ಅದಕ್ಕೆ ಸಹಿ ಹಾಕಿದ ಸರ್ಕಾರ ಜನರಲ್ ಎರ್ಷಾದರದ್ದು. ಪ್ರಜಾಪ್ರಭುತ್ವ ಇದ್ದಲ್ಲಿ ಮಕ್ಕಳು ತಾವಾಗಿಯೇ ಉಳಿಯುತ್ತಾರೆ ಎಂದು ನಂಬಿದ್ದ ನನ್ನಂಥವರಿಗೆ ಇದು ಅಷ್ಟು ಹಿತವಾದ ಸತ್ಯವಲ್ಲ.

ಹೆಣ್ಣುಮಕ್ಕಳು ಮನೆಯಿಂದ ಹೊರಬಿದ್ದದ್ದಕ್ಕೆ ದೊಡ್ಡ ಕಾರಣ ಗಾರ್ಮೆಂಟ್ಸ್. 1970ರ ದಶಕದ ಕೊನೆಗೆ ‘ದೇಶ್ ಗಾರ್ಮೆಂಟ್ಸ್’ ಕಂಪನಿ ಕೊರಿಯಾದ ಡೇವೂ ಜೊತೆ ಸೇರಿ 130 ಜನರನ್ನು ತರಬೇತಿಗೆಂದು ಬೂಸಾನ್‌ಗೆ ಕಳಿಸಿತು. ಹಾಗೆ ಶುರುವಾದ ಉದ್ಯಮದಲ್ಲಿ ಇಂದು ಸುಮಾರು 40 ಲಕ್ಷ ಜನ, ಹೆಚ್ಚಿನವರು ಹೆಂಗಸರು. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮಸಂದ್ರದ ಹೊಲಿಗೆ ಯಂತ್ರಗಳೂ ಢಾಕಾ ಹೊರವಲಯದ ಯಂತ್ರಗಳೂ ಹೊಲಿಯುವುದು ಅದೇ ಮಾರುಕಟ್ಟೆಗೆ. ಅಲ್ಲಿ ಕೂಲಿ ಕಡಿಮೆ ಎಂದು ಇಲ್ಲಿಯ ಮಾಲೀಕರು ಹೆಂಗಸರ ಕೂಲಿಯನ್ನು ಏರಲು ಬಿಡುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕಟ್ಟಡದಲ್ಲಿದ್ದ ಬ್ಯಾಂಕಿನ ಶಾಖೆ ನೌಕರರನ್ನು ಮನೆಗೆ ಕಳಿಸಿತು. ಹೊಲಿಯುವವರನ್ನು ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಕಳಿಸಲಾಯಿತು. ಬಾಂಗ್ಲಾದ ಪ್ರಗತಿಯನ್ನು ಹೊಗಳುವ ಯಾರೂ ಈ ದಿನವನ್ನು ಅಡಿಟಿಪ್ಪಣಿಗೆ ತಳ್ಳಬಾರದು.

ಬಾಂಗ್ಲಾದ ತಪ್ಪುಗಳು ಇನ್ನೂ ಇವೆ. ಕೆರೆಕುಂಟೆಯ ನೀರು ಕುಡಿದು ಮಕ್ಕಳು ಸಾಯುತ್ತಾರೆಂದು ಯುನಿಸೆಫ್ ನೆರವಿನಿಂದ ದೇಶದ ತುಂಬ ಕೊಳವೆಬಾವಿ ಕೊರೆಸಿದರು. ಅದರ ನೀರಿನಲ್ಲಿ ಆರ್ಸೆನಿಕ್ ಇತ್ತು. ಬಾಂಗ್ಲಾದಲ್ಲಿ ಅದು ಪತ್ತೆಯಾದದ್ದು 1993ರಲ್ಲಿ, ಚಪಾಯಿ ನವಾಬ್‌ಗಂಜ್‌ನಲ್ಲಿ. ಅಷ್ಟರೊಳಗೆ ಕೋಟಿಗಟ್ಟಲೆ ಜನ ಅದನ್ನೇ ಕುಡಿದಾಗಿತ್ತು. ವಿಷವಿದ್ದ ಪಂಪಿಗೆ ಕೆಂಪು ಬಣ್ಣ, ಇಲ್ಲದ್ದಕ್ಕೆ ಹಸಿರು ಬಳಿಯಲು ಶುರುಮಾಡಿದರು. ಹೊಟ್ಟೆ ಉರಿಯುವ ವಿಷಯ ಬೇರೆ: ಗಡಿಯ ಈಚೆ, ಕೋಲ್ಕತ್ತದ ಚರ್ಮವೈದ್ಯ ಕೆ.ಸಿ. ಸಾಹಾ 1980ರ ದಶಕದ ಆರಂಭದಲ್ಲೇ ಇದೇ ಕಾಯಿಲೆ ಗುರುತಿಸಿದ್ದರು. ಉಪ್ಪು-ಬೆಲ್ಲದ ಜ್ಞಾನ ದಾಟಿದ ಗಡಿಯನ್ನು ಈ ಎಚ್ಚರಿಕೆ ಹತ್ತು ವರ್ಷ ದಾಟಲಿಲ್ಲ. ಬಾಲ್ಯವಿವಾಹದಲ್ಲಂತೂ ಅವರು ನಮಗಿಂತ ಬಹಳ ಹಿಂದೆ. 20ರಿಂದ 24ರ ವಯಸ್ಸಿನವರಲ್ಲಿ ಹದಿನೆಂಟು ತುಂಬುವ ಮುಂಚೆ ಮದುವೆಯಾದ ಹೆಂಗಸರು ಅಲ್ಲಿ ಸುಮಾರು ಅರ್ಧ, ನಮ್ಮಲ್ಲಿ ಶೇ 23.

ಓದಿಸಿದ ಮೇಲೆ ಕೆಲಸ ಕೊಡಬೇಕು, ಮಾತಾಡಲು ಬಿಡಬೇಕು. ಅದಾಗದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ ತೋರಿಸಿತು. ವಿಮೋಚನಾ ಯೋಧರ ಕುಟುಂಬಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇ 30 ಮೀಸಲಾತಿ ಬೇಡವೆಂದು ಶುರುವಾದ ಚಳವಳಿಯಲ್ಲಿ ಢಾಕಾ ವಿಶ್ವವಿದ್ಯಾಲಯದ ಹುಡುಗಿಯರು ರಾತ್ರೋರಾತ್ರಿ ಹಾಸ್ಟೆಲ್‌ಗಳಿಂದ ಬೀದಿಗಿಳಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದ ನೀತಿಯ ಫಸಲು ಅದು. ದಮನದಲ್ಲಿ ಸತ್ತವರು 1,400ರವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿತು. ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ಭಾರತಕ್ಕೆ ಓಡಿಬಂದರು. ಆ ಬಳಿಕ ಹಿಂದೂಗಳ ಮನೆ, ಗುಡಿಗಳ ಮೇಲೆ ದಾಳಿ ನಡೆದದ್ದೂ ಅದೇ ನೆಲದಲ್ಲಿ. ಹಸೀನಾ ಕಾಲದ ಆರ್ಥಿಕ ಅಂಕಿಗಳೇ ಉಬ್ಬಿಸಿದವು ಎಂದು ಮಧ್ಯಂತರ ಸರ್ಕಾರ ನೇಮಿಸಿದ ಶ್ವೇತಪತ್ರ ಸಮಿತಿ ಹೇಳಿತು. ಹಾಗಾದರೆ 2020ರ ಹನ್ನೊಂದು ಡಾಲರಿನ ಗದ್ದಲಕ್ಕೆ ಎಷ್ಟು ಅರ್ಥವಿತ್ತೋ ಓದುಗರೇ ಊಹಿಸಲಿ.

ನಾವೂ ಸುಮ್ಮನೆ ಕೂತಿಲ್ಲ. 2005-06ರಲ್ಲಿ ನಮ್ಮ ಮಕ್ಕಳಲ್ಲಿ ಎಲ್ಲ ಲಸಿಕೆ ಪಡೆದವರು ಶೇ 44ಕ್ಕೂ ಕಡಿಮೆ, 2019-21ರಲ್ಲಿ ಶೇ 76. ಎಳೆಯ ಮಕ್ಕಳ ಸಾವಿನಲ್ಲಿ ಈಗ ಎರಡೂ ದೇಶಗಳು ಸಾವಿರಕ್ಕೆ 30ರ ಆಸುಪಾಸಿನಲ್ಲಿವೆ. ಅಲ್ಲದೆ ಭಾರತ ಎಂಬ ಸರಾಸರಿಯೇ ಮೋಸದ್ದು. 2020ರ ಲೆಕ್ಕದಲ್ಲಿ ಒಂದು ವರ್ಷದೊಳಗಿನ ಶಿಶುಗಳ ಸಾವು ಕೇರಳದಲ್ಲಿ ಸಾವಿರಕ್ಕೆ 6, ಮಧ್ಯಪ್ರದೇಶದಲ್ಲಿ 43, ಕರ್ನಾಟಕದಲ್ಲಿ 19. ಕೇರಳದವರಿಗೆ ಬಾಂಗ್ಲಾದಿಂದ ಕಲಿಯುವುದು ಕಡಿಮೆ, ಬಿಹಾರದವರಿಗೆ ಬಹಳ. ನಮ್ಮ ರಾಜ್ಯದ ಒಳಗೇ ನೋಡಿ: 2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ಕ್ಕೂ ಹೆಚ್ಚು, ಯಾದಗಿರಿಯದ್ದು ಶೇ 52. ಬೆಂಗಳೂರಿನ ಐಟಿ ರಫ್ತಿನ ಲೆಕ್ಕ ಯಾದಗಿರಿಯ ಅಂಗನವಾಡಿಗೆ ಇಳಿಯುವುದಿಲ್ಲ ಎಂಬುದನ್ನು ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕೆ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕುವಾರು ಬರೆದುಕೊಟ್ಟಿದೆ.

ಕೊನೆಗೆ ಉಳಿಯುವುದು ಈ ಕೆಲಸವನ್ನೆಲ್ಲ ನಿಜವಾಗಿ ಮಾಡಿದವರ ಪ್ರಶ್ನೆ. ಬ್ರಾಕ್‌ನ ಹಳ್ಳಿ ಆರೋಗ್ಯ ಸೇವಿಕೆಯರಿಗೆ ನಿಗದಿತ ಸಂಬಳವಿಲ್ಲ, ಔಷಧ-ಸಾಬೂನು ಮಾರಿ ಬಂದ ಲಾಭವೇ ಮುಖ್ಯ ಗಳಿಕೆ. 2005ರ ಬಳಿಕ ನಾವು ನೇಮಿಸಿಕೊಂಡ ಆಶಾ ಕಾರ್ಯಕರ್ತೆಯರನ್ನೂ ಸರ್ಕಾರ ನೌಕರರೆಂದು ಒಪ್ಪುವುದಿಲ್ಲ, ಸ್ವಯಂಸೇವಕಿಯರು ಎನ್ನುತ್ತದೆ, ಕೆಲಸಕ್ಕಿಷ್ಟು ಎಂದು ಪ್ರೋತ್ಸಾಹಧನ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಅವರು 40 ಸಾವಿರಕ್ಕೂ ಹೆಚ್ಚು. ಗರ್ಭಿಣಿಯರ ಪಟ್ಟಿ, ಲಸಿಕೆ, ಕ್ಷಯರೋಗದ ಮಾತ್ರೆ, ಕೊರೊನಾ ಸಮೀಕ್ಷೆ, ಎಲ್ಲವೂ ಅವರ ಚೀಲದಲ್ಲೇ ಓಡಾಡಿದವು. ಎರಡೂ ದೇಶಗಳ ಸಾಮಾಜಿಕ ಪ್ರಗತಿಯ ಗ್ರಾಫ್ ಮೇಲೇರಿದ್ದು ಹೆಂಗಸರ ಅಗ್ಗದ ದುಡಿಮೆಯ ಮೇಲೆ. ಈ ವಿಷಯದಲ್ಲಿ ಯಾರೂ ಯಾರನ್ನೂ ಹಿಂದಿಕ್ಕಿಲ್ಲ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿಗಳನ್ನು ಕಳೆದ ಆಶಾ ಕಾರ್ಯಕರ್ತೆಯರು ಕೇಳಿದ್ದು ತಿಂಗಳಿಗೆ 15 ಸಾವಿರ ರೂಪಾಯಿ, ಸಿಕ್ಕಿದ್ದು 10 ಸಾವಿರದ ಭರವಸೆ. ಬಾಂಗ್ಲಾ ಮುಂದೋ ಭಾರತ ಮುಂದೋ ಎಂಬ ವಾದಕ್ಕೆ ಇಳಿಯುವ ಮೊದಲು, ನಿಮ್ಮ ಬೀದಿಗೆ ಬರುವ ಆಶಾ ಅಕ್ಕನನ್ನು ಈ ತಿಂಗಳ ದುಡ್ಡು ಕೈಸೇರಿತೇ ಎಂದು ದಯವಿಟ್ಟು ಕೇಳಿ. ಸೇರಿಲ್ಲವಾದರೆ ನಿಮ್ಮ ಶಾಸಕರಿಗೆ ಫೋನ್ ಮಾಡಿ.